ಹಿತ್ತಲ ಹೂವು: ನಮ್ಮ ಬಿಸಿಲಿಗೆ ಎಂಥ ಆರ್ಕಿಡ್?



ಇರಕಲ್ಲಗಡದ ಓದುಗ ಸೋದರಿಯೊಬ್ಬರು ಕೇಳಿದ್ದಾರೆ: "ಆರ್ಕಿಡ್ ಗಿಡ ತರಬೇಕೆಂದು ಮನೆಖರ್ಚಿನಲ್ಲಿ ಉಳಿಸಿ ಐದುನೂರು ರೂಪಾಯಿ ಕೂಡಿಸಿಟ್ಟೇನಿ. ನಮ್ಮೂರ ಸುತ್ತ ಕಲ್ಲುಗುಡ್ಡ, ಬೇಸಿಗೆಯಲ್ಲಿ ಕೆಂಡದಂಥ ಬಿಸಿಲು. ಕುಡಿಯೋ ನೀರಿಗೇ ತ್ರಾಸು, ಇದಕ್ಕೆಲ್ಲಿಂದ ಹಾಕ್ತೀಯವ್ವಾ ಅಂತಾರೆ ನಮ್ಮತ್ತೆ. ತರಲೋ ಬ್ಯಾಡೋ?"

ತನ್ನಿ. ಆದರೆ ಯಾವ ಗಿಡ, ಯಾವ ತಿಂಗಳಲ್ಲಿ ಎಂಬುದನ್ನು ತಿಳಿದು ತನ್ನಿ. ಅತ್ತೆಯವರ ಮಾತನ್ನೂ ತೆಗೆದುಹಾಕಬೇಡಿ. ಅವರಿಗೂ ಒಪ್ಪಿಗೆಯಾಗುವ ದಾರಿ ಇದೆ, ಮುಂದೆ ಹೇಳ್ತೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ನಮ್ಮ ಕಡೆ ಆರ್ಕಿಡ್ ಸಾಯುವುದು ಬಿಸಿಲಿನಿಂದ ಎಂದು ಎಲ್ಲರೂ ಅಂದುಕೊಳ್ತಾರೆ. ನಿಜವಾಗಿ ಅದನ್ನು ಹೆಚ್ಚಾಗಿ ಕೊಲ್ಲುವುದು ಒಣ ಗಾಳಿ. ನಾವು ಮನೆಯಲ್ಲಿ ಬೆಳೆಸುವ ಆರ್ಕಿಡ್‌ಗಳಲ್ಲಿ ಬಹುಪಾಲು ಮರದ ಕೊಂಬೆಯ ಮೇಲೆ ಬದುಕುವ ಜಾತಿಯವು. ಹಾಗೆಂದು ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಮರ ಅವಕ್ಕೆ ಕೂರುವ ಕಟ್ಟೆ, ಅಷ್ಟೇ. ಬೇರಿನ ಮೇಲೆ ಬಿಳಿ ಸ್ಪಂಜಿನಂಥ ಹೊದಿಕೆ ಇರುತ್ತದೆ. ಮಳೆಹನಿ ತಾಗಿದ ಕೂಡಲೇ ಅದು ನೀರು ಹೀರಿ ಹಸಿರಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಕೊಪ್ಪಳದ ಕಡೆ 600ರ ಆಸುಪಾಸು. ಮಲೆನಾಡಿನ ಹೆಣ್ಣುಮಕ್ಕಳು ಮುಡಿಯುವ ಸೀತಾಳೆ ದಂಡೆ ಅಲ್ಲಿ ಮರದ ಮೇಲೆ ತಾನಾಗಿ ತೂಗುತ್ತದೆ ಅಂದರೆ ಅಲ್ಲಿನ ಗಾಳಿಯೇ ಅದಕ್ಕೆ ನೀರು ಕುಡಿಸುತ್ತದೆ ಎಂದರ್ಥ. ನಮ್ಮಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು.

ಇನ್ನೊಂದು ಸಂಗತಿ ಕೇಳಿ, ನಿಮಗೆ ಆಶ್ಚರ್ಯವಾದೀತು. ಇಂಥ ಅನೇಕ ಆರ್ಕಿಡ್‌ಗಳು ಹಗಲಿನ ಬಿಸಿಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ತಮಗೆ ಬೇಕಾದ ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಆದ್ದರಿಂದ ರಾತ್ರಿಯ ತಂಪು ಅವಕ್ಕೆ ಬಹಳ ಮುಖ್ಯ. ಹಗಲೆಲ್ಲ ಕಾದ ಬಂಡೆ, ಕಾದ ಮಾಳಿಗೆ ಕತ್ತಲಾದ ಮೇಲೂ ಬಿಸಿ ಉಗುಳುತ್ತಿರುತ್ತವಲ್ಲ, ಅದೇ ಕಷ್ಟ. ಗಿಡವನ್ನು ಮಾಳಿಗೆ ಮೇಲೆ, ಕಲ್ಲುಗೋಡೆಗೆ ಒತ್ತಿ ಎಂದೂ ಇಡಬೇಡಿ. ಬೇಸಿಗೆಯ ಸಂಜೆ ಅಂಗಳಕ್ಕೆ ನೀರು ಚಿಮುಕಿಸುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಅದನ್ನೇ ಗಿಡದ ಕೆಳಗಿನ ನೆಲಕ್ಕೂ ಮಾಡಿ. ಪಾತ್ರೆ ತೊಳೆದ ಕೊನೆಯ ನೀರಾದರೂ ಸಾಕು. ಬದಿಗೆ ಒಂದು ಹಸಿ ಗೋಣಿಚೀಲ ತೂಗುಬಿಟ್ಟರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಅತ್ಯಂತ ತಂಪಾದ ಗಾಳಿ ಎಲ್ಲಿರುತ್ತದೆ ನಿಮಗೇ ಗೊತ್ತು: ನೀರಿನ ಹರವಿ ಇಡುವ ಕಡೆ, ಹಿತ್ತಲಿನ ಬೇವಿನ ಮರದಡಿ, ಬಚ್ಚಲಿನ ಹೊರಗೋಡೆಯ ಪಕ್ಕ. ಸಾಬೂನಿನ ನೀರು ಮಾತ್ರ ಬೇರಿಗೆ ಸಿಡಿಯಬಾರದು.

ಈಗ ಗಿಡದ ಆಯ್ಕೆ. ಅಂಗಡಿಯಲ್ಲಿ ಹೊಳೆಯುವ ಕಾಗದ ಸುತ್ತಿ, ಚಿಟ್ಟೆಯಂಥ ದೊಡ್ಡ ಹೂವು ಬಿಟ್ಟು ನಿಂತಿರುತ್ತದಲ್ಲ, ಅದು ಫಲನಾಪ್ಸಿಸ್. ಕಣ್ಣು ಅದರ ಮೇಲೇ ಹೋಗುತ್ತದೆ. ಮೊದಲ ಗಿಡವಾಗಿ ಅದನ್ನು ತರಬೇಡಿ. ಮೇ ತಿಂಗಳ ಬಿಸಿಗಾಳಿ ತಡೆಯುವ ಶಕ್ತಿ ಅದಕ್ಕಿಲ್ಲ. ಸಿಂಬಿಡಿಯಂ ಅಂತೂ ಬೇಡವೇ ಬೇಡ. ಅದು ಸಿಕ್ಕಿಂನಂಥ ತಂಪು ನಾಡಿನ ಗಿಡ. ರಾತ್ರಿ ಚಳಿ ಬೀಳದಿದ್ದರೆ ಬರೀ ಎಲೆ ಬಿಟ್ಟುಕೊಂಡು ಹುಲ್ಲಿನಂತೆ ನಿಂತಿರುತ್ತದೆ.

ನಿಮ್ಮ ಐದುನೂರಕ್ಕೆ ನ್ಯಾಯ ಸಲ್ಲಿಸುವುದು ಡೆಂಡ್ರೋಬಿಯಂ. ಕಬ್ಬಿನಂತೆ ಗೆಣ್ಣು ಗೆಣ್ಣಾದ ದಂಟು, ನೇರಳೆ-ಬಿಳಿ ಹೂವು; ಸೋನಿಯಾ ಎಂಬ ತಳಿ ಎಲ್ಲ ಕಡೆ ಸಿಗುತ್ತದೆ. ದಂಟಿನಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ ನೀವು ನಾಲ್ಕು ದಿನ ತವರಿಗೆ ಹೋಗಿಬಂದರೂ ತಾಳಿಕೊಳ್ಳುತ್ತದೆ. ಕೊಳ್ಳುವಾಗ ಹೂವು ಎಣಿಸಬೇಡಿ, ದಂಟು ಎಣಿಸಿ. ಮೂರು ನಾಲ್ಕು ದಪ್ಪ ದಂಟು, ಬುಡದಲ್ಲಿ ಒಂದು ಹೊಸ ಮೊಳಕೆ, ಹಸಿರು ತುದಿಯ ಬೇರು, ಇಷ್ಟು ಇರಲಿ.

ಎರಡನೆಯದು ವಂಡಾ. ಅದರ ಹೆಸರೇ ನಮ್ಮ ಸಂಸ್ಕೃತದ್ದು. ಮರದ ಮೇಲೆ ಬೆಳೆಯುವ ಗಿಡಕ್ಕೆ 'ವಂದಾ' ಎನ್ನುತ್ತಿದ್ದರು. ಅದರಲ್ಲಿ ವಂಡಾ ಟೆಸಲೇಟಾ ಎಂಬುದು ದಖ್ಖನಿನ ಒಣ ಕಾಡುಗಳಲ್ಲೂ ಮಾವು ಮೊದಲಾದ ಮರಗಳ ಮೇಲೆ ಬದುಕುವ ಗಟ್ಟಿ ಜೀವ. ಹಳದಿ-ಕಂದು ಚೌಕುಳಿಯ ಹೂವು, ನೇರಳೆ ತುಟಿ, ಒಳ್ಳೆಯ ಕಂಪು. ಕರಾವಳಿಯವರು ವಂಡಾವನ್ನು ಬರಿ ಬೇರಿನಲ್ಲೇ ತೂಗುಹಾಕ್ತಾರೆ. ನಾವು ಹಾಗೆ ಮಾಡಿದರೆ ಬೇರು ಒಣಗಿ ದಾರವಾಗುತ್ತದೆ. ಇದ್ದಿಲು ತುಂಬಿದ ಕುಂಡವೇ ಇರಲಿ. ಕಾಡಿನ ಮರದಿಂದ ಕಿತ್ತು ತಂದ ಗಿಡವನ್ನು ಅಗ್ಗಕ್ಕೆ ಕೊಡ್ತೇವೆ ಅನ್ನುವವರಿಂದ ಮಾತ್ರ ಕೊಳ್ಳಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇರುವುದಿಲ್ಲ. ಕಾಡಿನಲ್ಲಿ ಅದು ಗಿಡವಾಗಿ ಹೂಬಿಡಲು ವರ್ಷಗಳೇ ಬೇಕು.

ಹೆಣ್ಣುಮಕ್ಕಳ ಹಿತ್ತಲು ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ಸಿಂಗಾಪುರದ ಕಥೆ ಹೇಳಿ. ಅಲ್ಲಿ ಆಗ್ನೆಸ್ ಜೋಕಿಂ ಎಂಬ ಮಹಿಳೆಯ ಮನೆತೋಟದಲ್ಲಿ ಅರಳಿದ ಹೊಸ ಮಿಶ್ರತಳಿಯ ವಂಡಾ ಹೂವನ್ನು 1893ರಲ್ಲಿ ಸಸ್ಯಶಾಸ್ತ್ರಜ್ಞರು ದಾಖಲಿಸಿದರು. 1981ರಲ್ಲಿ ಆ ದೇಶ ಅದನ್ನೇ ತನ್ನ ರಾಷ್ಟ್ರಪುಷ್ಪ ಮಾಡಿಕೊಂಡಿತು!

ಗಿಡ ತರುವ ತಿಂಗಳು ಜೂನ್ ಅಥವಾ ಜುಲೈ. ಮಳೆಗಾಲದ ತಂಪಿನಲ್ಲಿ ಬೇರೂರಿ, ಚಳಿಗಾಲ ದಾಟಿ, ಬೇಸಿಗೆ ಬರುವ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಗವಿಮಠದ ಜಾತ್ರೆ ಮುಗಿದ ಮೇಲೆ ತಂದ ಗಿಡಕ್ಕೆ ಆ ಅವಕಾಶವೇ ಇಲ್ಲ.

ಕುಂಡಕ್ಕೆ ಮಣ್ಣು ಹಾಕಲೇಬಾರದು. ಬದಿಗೆ ತೂತುಗಳಿರುವ ಮಣ್ಣಿನ ಕುಂಡದಲ್ಲಿ ಹೆಂಚಿನ ಚೂರು, ಇದ್ದಿಲು, ಮೇಲೆ ತೆಂಗಿನ ಸಿಪ್ಪೆಯ ತುಂಡು. ಸಿಪ್ಪೆಯನ್ನು ಮೊದಲು ನೀರು ಬದಲಿಸುತ್ತ ನಾಲ್ಕೈದು ದಿನ ನೆನೆಸಿ. ಬೆಳಗಿನ ಎಳೆಬಿಸಿಲು ಒಂಬತ್ತು ಗಂಟೆಯವರೆಗೆ ಬೀಳಲಿ, ಆಮೇಲೆ ನೆರಳು. ಎಲೆ ಕಡುಹಸಿರಾದರೆ ಬೆಳಕು ಸಾಲದು, ಹೂವು ಬಾರದು. ತುಸು ಹಳದಿ ಬೆರೆತ ಹಸಿರು ಸರಿಯಾದ ಬಣ್ಣ. ಕಪ್ಪು ಕಲೆಯಾಗಿ ಒಣಗಿದರೆ ಸುಟ್ಟಿದೆ ಎಂದು ತಿಳಿಯಿರಿ.

ಇನ್ನು ಅತ್ತೆಯವರ ಪ್ರಶ್ನೆ. ನಮ್ಮ ಜಿಲ್ಲೆಯ ಎಷ್ಟೋ ಬೋರಿನ ನೀರಿನಲ್ಲಿ ಉಪ್ಪು, ಫ್ಲೋರೈಡ್ ಹೆಚ್ಚು. ಹರವಿಯ ಹೊರಮೈಯಲ್ಲಿ ಬಿಳಿ ಕಟ್ಟುವುದನ್ನು ನೀವೇ ಕಂಡಿದ್ದೀರಿ. ಆ ಬಿಳಿ ಆರ್ಕಿಡ್ ಬೇರಿಗೆ ಕಟ್ಟಿದರೆ ಬೇರು ಸತ್ತಹಾಗೆ. ಅದಕ್ಕೇ ಮಳೆನೀರು ಹಿಡಿದಿಡಿ. ಅದು ಮುಗಿದ ಮೇಲೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. "ಕುಡಿಯೋ ನೀರು ಗಿಡಕ್ಕೇ?" ಅಂತೀರಾ? ಸುರಿಯುವುದಲ್ಲ, ಅದ್ದುವುದು. ಬೆಳಗ್ಗೆ ಒಂದು ತಪ್ಪೇಲಿ ನೀರಿನಲ್ಲಿ ಕುಂಡವನ್ನು ಹತ್ತು ನಿಮಿಷ ಇಟ್ಟು ತೆಗೆಯಿರಿ. ಉಳಿದ ನೀರು ತುಳಸಿಗೋ ಮಲ್ಲಿಗೆಗೋ ಹೋಗಲಿ. ಹೇಗೂ ಅವಕ್ಕೆ ಹಾಕುತ್ತಿದ್ದ ನೀರೇ ಅಲ್ಲವೇ? ಕಡುಬೇಸಿಗೆಯಲ್ಲಿ ದಿನಾ, ಉಳಿದಂತೆ ಎರಡು ಮೂರು ದಿನಕ್ಕೊಮ್ಮೆ, ಸಿಪ್ಪೆ ಒಣಗಿದ್ದು ಕೈಗೆ ತಿಳಿದಾಗ. ಎಲೆಯ ಸುಳಿಯಲ್ಲಿ ರಾತ್ರಿ ನೀರು ನಿಲ್ಲಬಾರದು. ಅಕ್ಕಿ ತೊಳೆದ ನೀರು, ಹಾಲಿನ ಪಾಕೀಟು ತೊಳೆದ ನೀರು ಬೇಡ. ಇರುವೆ, ಬೂಷ್ಟು ಬರುತ್ತವೆ.

ಗೊಬ್ಬರಕ್ಕೆ ದಾಳಿಂಬೆ ತೋಟದವರು ಬಳಸುವ 19:19:19 ಸಾಕು. ಒಂದು ಲೀಟರಿಗೆ ಕಾಲು ಚಮಚಕ್ಕಿಂತ ಕಡಿಮೆ, ಹದಿನೈದು ದಿನಕ್ಕೊಮ್ಮೆ. ಬಿಳಿ ಹಿಟ್ಟಿನಂಥ ಹುಳು ಕಂಡರೆ ಸಾಬೂನು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಶುದ್ಧ ನೀರಲ್ಲಿ ತೊಳೆಯಿರಿ.

ಹೂವು ಉದುರಿದ ದಂಟನ್ನು ಒಣಗಿತೆಂದು ಕತ್ತರಿಸಲು ಅವಸರಪಡಬೇಡಿ. ಡೆಂಡ್ರೋಬಿಯಂನ ಹಳೆಯ ದಂಟಿನ ಗೆಣ್ಣಿನಲ್ಲಿ ಕೆಲವೊಮ್ಮೆ ಪುಟ್ಟ ಮರಿ ಹುಟ್ಟುತ್ತದೆ. ಅದರ ಬೇರು ಎರಡು ಅಂಗುಲ ಬೆಳೆದ ಮೇಲೆ ಸ್ವಚ್ಛ ಬ್ಲೇಡಿನಿಂದ ಬಿಡಿಸಿ, ಇದ್ದಿಲಿನ ಸಣ್ಣ ಕುಂಡದಲ್ಲಿ ಕೂರಿಸಿ ಪಕ್ಕದ ಮನೆಯವರಿಗೆ ಕೊಡಿ. ಅವರಿಗೆ ಐದುನೂರು ರೂಪಾಯಿ ಉಳಿಯಿತು. ನೀವು ತವರಿಗೆ ಹೋದಾಗ ನಿಮ್ಮ ಗಿಡ ನೋಡಿಕೊಳ್ಳಲು ಒಬ್ಬರಾದರು.