ವಸ್ತಾದರಿಗೆ ವರ್ಷಗಳನ್ನು ಕೊಡಿ

ಜಾತ್ರೆಯ ಕಬಡ್ಡಿ ನೋಡಲು ನಿಂತರೆ ನಡುರಾತ್ರಿ ದಾಟಿದರೂ ಅಂಗಳ ಬಿಟ್ಟು ಕದಲದ ಜನ ನಾವು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕುಸ್ತಿಯ ಕಣಕ್ಕೆ ಸೇರುವಷ್ಟು ಮಂದಿ ಬೇರೆ ಯಾವ ಸಭೆಗೂ ತಾವಾಗಿ ಸೇರುವುದಿಲ್ಲ. ವಾಲಿಬಾಲ್ ಪಂದ್ಯಾವಳಿ ಎಂದರೆ ಹೊನಲು ಬೆಳಕು, ಧ್ವನಿವರ್ಧಕ, ನಗದು ಬಹುಮಾನ, ಆಳೆತ್ತರದ ಟ್ರೋಫಿ. ಈ ಪ್ರೀತಿ ದೊಡ್ಡದು, ಹಳೆಯದು, ನಿಜವಾದದ್ದು. ಅದರ ಹೆಸರಿನಲ್ಲೇ ಕೇಳುತ್ತೇನೆ: ಗೆದ್ದವರ ಬಹುಮಾನಕ್ಕೆ ದುಡ್ಡು ಹುಟ್ಟುವ ಊರಿನಲ್ಲಿ ಆಟ ಕಲಿಸುವವರ ಪಗಾರಕ್ಕೆ ಯಾಕೆ ಹುಟ್ಟುವುದಿಲ್ಲ?

ನಮ್ಮ ಕಾಲೇಜುಗಳ ಮೈದಾನಕ್ಕೆ ಒಮ್ಮೆ ಹೋಗಿ ನೋಡಿ. ಎಷ್ಟೋ ಕಡೆ ಒಂದು ಬ್ಯಾಸ್ಕೆಟ್‌ಬಾಲ್ ಕಂಬ ನಿಂತಿರುತ್ತದೆ. ಬಳೆಗೆ ಬಲೆಯಿಲ್ಲ, ಹಲಗೆಗೆ ಬಣ್ಣವಿಲ್ಲ, ಕೆಳಗೆ ಬೇಸಿಗೆಗೆ ಬಿರಿದ ಎರೆ ಮಣ್ಣು. ಅಂತರ ಕಾಲೇಜು ಪಂದ್ಯದ ಸುತ್ತೋಲೆ ಬಂದಮೇಲೆ ತರಗತಿಯಲ್ಲಿ ಎತ್ತರವಾಗಿದ್ದವರನ್ನು ಹುಡುಕಿ ತಂಡ ಕಟ್ಟುತ್ತಾರೆ. ನಾಲ್ಕು ದಿನ ಚೆಂಡು ಬಡಿಯುತ್ತಾರೆ, ಬಸ್ಸು ಹತ್ತುತ್ತಾರೆ, ಮೊದಲ ಸುತ್ತಿನಲ್ಲೇ ಸೋತು ರಾತ್ರಿಗೆ ಮರಳುತ್ತಾರೆ. ಮುಂದಿನ ಸುತ್ತೋಲೆಯವರೆಗೆ ಆ ಚೆಂಡು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂರುತ್ತದೆ. ಸೋತದ್ದು ಮಕ್ಕಳಲ್ಲ. ಕಬಡ್ಡಿಯನ್ನು ಓಣಿಯಲ್ಲಿ ಕಲಿಯಬಹುದು, ಕ್ರಿಕೆಟ್ಟನ್ನು ಹೊಲದ ಬದುವಿನಲ್ಲಿ ಕಲಿಯಬಹುದು. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ನೆಲ ನೋಡದೆ ಎಡಗೈಯಲ್ಲಿ ಚೆಂಡು ಪುಟಿಸುವುದು, ಒಂದು ಕಾಲೂರಿ ಮೈ ತಿರುಗಿಸುವುದು, ಎದುರಾಳಿ ಎಸೆಯುವ ಮೊದಲೇ ಅವನ ಭುಜ ಓದುವುದು, ಐವರೂ ಒಂದೇ ಮನಸ್ಸಾಗಿ ಹಿಂದಕ್ಕೆ ಓಡುವುದು, ಇವೆಲ್ಲ ಪಕ್ಕದಲ್ಲಿ ನಿಂತು ದಿನವೂ ತಿದ್ದುವವರಿಲ್ಲದೆ ಯಾವ ದೇಹಕ್ಕೂ ಬಂದಿಲ್ಲ.

ತಿದ್ದುವವರಿಗೆ ನಾವು ಏನು ಮಾಡಿದ್ದೇವೆ? ಯುಜಿಸಿಯ 2018ರ ನಿಯಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಸಹಾಯಕ ಪ್ರಾಧ್ಯಾಪಕರ ಸಮಾನ ವೇತನಕ್ಕೆ ಏರಿಸಿ ಕೂರಿಸುತ್ತದೆ. ಆ ಹುದ್ದೆಗೆ ಬರುವವರು ದೇಹದಾರ್ಢ್ಯವನ್ನೂ ಸಾಬೀತು ಮಾಡಬೇಕು: ಮೂವತ್ತರ ಒಳಗಿನ ಗಂಡಸು 12 ನಿಮಿಷದಲ್ಲಿ 1800 ಮೀಟರ್, ಹೆಂಗಸು 8 ನಿಮಿಷದಲ್ಲಿ 1000 ಮೀಟರ್ ಓಡಬೇಕು. ಕಾಗದದ ಮೇಲೆ ಇಷ್ಟು ಗೌರವವಿರುವ ಕೆಲಸವನ್ನು ನೆಲದ ಮೇಲೆ ಏನು ಮಾಡಿಟ್ಟಿದ್ದೇವೆ ನೋಡಿ. ಹಲವು ಕಾಲೇಜುಗಳಲ್ಲಿ ಹುದ್ದೆಯೇ ಖಾಲಿ. ತುಂಬಿದ ಕಡೆಯೂ ಎಷ್ಟೋ ಮಂದಿ ವರ್ಷದ ಒಪ್ಪಂದದವರು, ಅತಿಥಿಗಳು. ಜುಲೈನಲ್ಲಿ ಕರೆಯುತ್ತೇವೆ, ಪರೀಕ್ಷೆ ಮುಗಿಯುತ್ತಲೇ ಕಳಿಸುತ್ತೇವೆ. ಇದ್ದಷ್ಟು ದಿನವೂ ಪ್ರವೇಶದ ಅರ್ಜಿ, ಶಿಸ್ತು ಸಮಿತಿ, ಪಥಸಂಚಲನ, ಗಣ್ಯರು ಬಂದ ದಿನದ ವೇದಿಕೆ ಎಲ್ಲವೂ ಅವರ ಹೆಗಲಿಗೇ. ಸಂಜೆ ಐದಕ್ಕೆ ಮೈದಾನಕ್ಕೆ ಇಳಿಯಲು ಅವರಲ್ಲಿ ಏನು ಉಳಿದಿರುತ್ತದೆ? ನಾಟಿ ಮಾಡಿದ ಕಬ್ಬನ್ನು ಐದನೇ ತಿಂಗಳಿಗೆ ಕಿತ್ತು ಮತ್ತೆ ಹೊಸದಾಗಿ ನೆಡುವ ರೈತ ನಮ್ಮ ಮೂರು ತಾಲೂಕಿನಲ್ಲಿ ಒಬ್ಬನಾದರೂ ಇದ್ದಾನೆಯೆ?

ನಾವು ಹೀಗಿರಲಿಲ್ಲ. ತಾಲೀಮಿನ ಮಣ್ಣು ಹದ ಮಾಡಿ, ಎಣ್ಣೆ ಅರಿಷಿಣ ಬೆರೆಸಿ, ಹುಡುಗರನ್ನು ನಸುಕಿನಲ್ಲಿ ಎಬ್ಬಿಸುತ್ತಿದ್ದ ವಸ್ತಾದನನ್ನು ಊರೇ ಸಾಕುತ್ತಿತ್ತು. ಅವನ ಮನೆಗೆ ಕಾಳು ಹೋಗುತ್ತಿತ್ತು, ಪೈಲವಾನನಿಗೆ ಹಾಲು ಬರುತ್ತಿತ್ತು. ಈ ವರ್ಷ ನಿನ್ನ ಪೈಲವಾನ ಸೋತ, ಬರುವ ವರ್ಷ ನೀನು ಬೇಡ ಎಂದು ಯಾರೂ ಅವನಿಗೆ ಹೇಳುತ್ತಿರಲಿಲ್ಲ. ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಸಿಗುವ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಮೈದಾನದ ಜೊತೆಗೆ ತಾಲೀಮುಗಳಿಗೂ ಪೈಲವಾನರಿಗೂ ಆಶ್ರಯ ಕೊಟ್ಟರು. ಆ ಮಣ್ಣಿನ ನಂಟು ನಮ್ಮ ಹಳ್ಳಿಗಳಿಗೂ ಇದೆ. ತಾತ ಮುತ್ತಾತಂದಿರು ಅರಿತಿದ್ದನ್ನು, ಪದವಿ ಕಾಲೇಜು ಕಟ್ಟಿದ ನಾವು ಮರೆತೆವು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಬ್ಬ ದೈಹಿಕ ಶಿಕ್ಷಣ ಮೇಷ್ಟ್ರ ಕೈಯಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎರಡು ಹಣ್ಣಿನ ಬುಟ್ಟಿ ತೂಗುಹಾಕಿ ಆಟ ಶುರುಮಾಡಿದರು. ಮುಂದೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ತರಬೇತುದಾರರಾದರು. ಗೆದ್ದದ್ದು 55 ಪಂದ್ಯ, ಸೋತದ್ದು 60. ಆಟ ಹುಟ್ಟಿಸಿದವರೇ ಗೆದ್ದದ್ದಕ್ಕಿಂತ ಹೆಚ್ಚು ಸೋತರು! ವಿಶ್ವವಿದ್ಯಾಲಯ ಅವರನ್ನು ಕಳಿಸಲಿಲ್ಲ, 1937ರವರೆಗೂ ಅಧ್ಯಾಪಕರಾಗಿ ಇಟ್ಟುಕೊಂಡಿತು. ಅವರಲ್ಲಿ ಕಲಿತ ಫಾಗ್ ಅಲೆನ್ ಅದೇ ಕ್ಯಾನ್ಸಸ್‌ನಲ್ಲಿ ದಶಕಗಳ ಕಾಲ ತಂಡ ಕಟ್ಟಿದರು. ಅಲೆನ್‌ರಲ್ಲಿ ಕಲಿತ ಡೀನ್ ಸ್ಮಿತ್ 1961ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾದರು. 1965ರಲ್ಲಿ ಒಂದು ಸೋಲಿನ ನಂತರ ಅಲ್ಲಿನ ವಿದ್ಯಾರ್ಥಿಗಳೇ ಅವರ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ವಿಶ್ವವಿದ್ಯಾಲಯ ಆಗಲೂ ಬೆನ್ನು ತಿರುಗಿಸಲಿಲ್ಲ. ಮೊದಲ ರಾಷ್ಟ್ರೀಯ ಪ್ರಶಸ್ತಿ ಸ್ಮಿತ್‌ರ ಕೈಗೆ ಬಂದದ್ದು 1982ರಲ್ಲಿ, ಇಪ್ಪತ್ತೊಂದು ವರ್ಷ ಕಾದ ಮೇಲೆ. ಆ ತಂಡದಲ್ಲಿ ಆಗತಾನೇ ಕಾಲೇಜು ಸೇರಿದ್ದ ಒಬ್ಬ ಹುಡುಗನಿದ್ದ, ಮೈಕೆಲ್ ಜೋರ್ಡನ್. ಇಂದು ನಮ್ಮ ಹುಡುಗರ ಟೀ ಶರ್ಟಿನ ಮೇಲೂ ಅವನ ಹೆಸರಿದೆ.

ಇನ್ನೊಬ್ಬರ ಕಥೆಯಂತೂ ನಮ್ಮ ಅತಿಥಿ ಶಿಕ್ಷಕಿಯರ ಮನೆಯದೇ ಅನಿಸುತ್ತದೆ. ಪ್ಯಾಟ್ ಸಮಿಟ್ 1974ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡಕ್ಕೆ ತರಬೇತುದಾರರಾದಾಗ ವಯಸ್ಸು 22. ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಬಟ್ಟೆ ಅವರೇ ಒಗೆಯುತ್ತಿದ್ದರು, ಪಂದ್ಯಕ್ಕೆ ಹೋಗುವ ವ್ಯಾನನ್ನು ಅವರೇ ಓಡಿಸುತ್ತಿದ್ದರು. ಅಲ್ಲಿಯವರೆಗೆ ಅವರಿಗೂ ನಮ್ಮವರಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಅಲ್ಲಿಂದ ಮುಂದೆ: 2012ರವರೆಗೆ, ಮೂವತ್ತೆಂಟು ಋತು, ಅವರು ಅಲ್ಲೇ ಇದ್ದರು. 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ನನ್ನ ಎದೆ ತುಂಬುವುದು ಈ ಅಂಕಿಗಳಿಗಲ್ಲ. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಹುಡುಗಿಯರೆಲ್ಲರೂ ಪದವಿ ಮುಗಿಸಿದರು, ಒಬ್ಬಳೂ ಅರ್ಧಕ್ಕೆ ಬಿಡಲಿಲ್ಲ. ಓದು ಬಿಟ್ಟು ಆಟವೇ ಎನ್ನುವ ತಂದೆತಾಯಿಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಅಮೆರಿಕದ ಎಲ್ಲವೂ ನಮಗೆ ಬೇಕಿಲ್ಲ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಎಂದರೆ ಯಾವುದೋ ಕಾಲೇಜು ತಂಡದ ತರಬೇತುದಾರ. ಕ್ರೀಡಾಂಗಣ ತುಂಬಿಸಿದ ಮಕ್ಕಳಿಗೋ 2021ರವರೆಗೆ ತಮ್ಮ ಹೆಸರಿನಿಂದ ಒಂದು ಡಾಲರ್ ಗಳಿಸುವ ಹಕ್ಕೂ ಇರಲಿಲ್ಲ. ಆ ಅನ್ಯಾಯ ಅಲ್ಲೇ ಇರಲಿ. ನಮಗೆ ಬೇಕಾದದ್ದು ತಾಳ್ಮೆ ಮಾತ್ರ, ಕಲಿಸುವವರನ್ನು ವರ್ಷಾನುಗಟ್ಟಲೆ ನಂಬುವ ತಾಳ್ಮೆ.

ಅದು ಪರದೇಶದ ಸರಕೂ ಅಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿ ದೇಶದ ಯುವಕರಿಗೆ ಕವಾಯತು, ಮೈ ಬಲ, ಶಿಸ್ತು ಕಲಿಸಿದರು. ಅವರು ನೆಲೆ ನಿಂತದ್ದು ಇಲ್ಲೇ ಘಟಪ್ರಭೆಯಲ್ಲಿ. ಡಾ. ಕೊಕಟನೂರರ ಜೊತೆ ಸೇರಿ ಕಟ್ಟಿದ ಕರ್ನಾಟಕ ಆರೋಗ್ಯ ಧಾಮ ಇವತ್ತಿಗೂ ಅಲ್ಲಿದೆ. ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ ಬೆಳಗಾವಿಯ ಜೂಡೋ ಕೇಂದ್ರದಲ್ಲಿ ವರ್ಷಗಟ್ಟಲೆ ಪಳಗಿ 2018ರ ಏಷ್ಯನ್ ಕ್ರೀಡಾಕೂಟದ ಕುಸ್ತಿ ಮಾದರಿಯ ಆಟ ಕುರಾಶ್‌ನಲ್ಲಿ ಕಂಚು ತಂದರು. ಈ ಮಣ್ಣಿನ ಮಕ್ಕಳ ಕಸುವಿನ ಬಗ್ಗೆ ಯಾರಿಗಾದರೂ ಅನುಮಾನ ಉಳಿದಿದೆಯೆ?

ಇನ್ನು ದುಡ್ಡಿನ ಮಾತು. ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ ಓಡಾಡುವ ಜಾಗ ಸೇರಿದರೂ ಆರು ಗುಂಟೆ. ಹಿಡಕಲ್ ಜಲಾಶಯದ ನೀರು ಹರಿದ ನಾಡಿನಲ್ಲಿ ಆರು ಗುಂಟೆ ಕೊಡಲಾಗದಷ್ಟು ಬಡವರೇ ನಾವು? ಕಂಪನಿ ಕಾಯ್ದೆ 2013ರ ಪ್ರಕಾರ ನಿಗದಿತ ಲಾಭದ ಕಂಪನಿಗಳು ಸಮಾಜಕ್ಕಾಗಿ ತೆಗೆದಿಡಬೇಕಾದ ಹಣದ ಬಾಬತ್ತುಗಳಲ್ಲಿ ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಒಂದು. ಕಾಯ್ದೆ ಹೇಳುವುದು ಟ್ರೋಫಿಯನ್ನಲ್ಲ, ತರಬೇತಿಯನ್ನು. ಸಕ್ಕರೆ ಕಾರ್ಖಾನೆಗಳ ಒಡೆಯರೇ, ನಿರ್ದೇಶಕರೇ, ಕಬ್ಬಿನ ಲಾರಿಗಳ ಹಿಂದೆ ಬೆಳೆದ ಮಕ್ಕಳು ಇವರು. ಒಂದು ಪಂದ್ಯಾವಳಿಯ ಬೆಳಕು ಆರಿಸಿ ಒಬ್ಬ ತರಬೇತುದಾರರ ಪಗಾರ ಹೊತ್ತುಕೊಳ್ಳಿ.

ಒಂದೊಂದೇ ಕಾಲೇಜಿಗೆ ಭಾರವಾದರೆ ಕೂಡಿ ಹೊರಿರಿ. 1969ರಲ್ಲಿ ಹಳ್ಳಿಗಳಿಗೆ ವಿದ್ಯುತ್ ಹಂಚಲು ತನ್ನದೇ ಸಹಕಾರ ಸಂಘ ಕಟ್ಟಿಕೊಂಡ ತಾಲೂಕು ಹುಕ್ಕೇರಿ. ದೀಪಕ್ಕಾಗಿ ಕೂಡಿದವರು ಮಕ್ಕಳಿಗಾಗಿ ಕೂಡಲಾರೆವೆ? ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಮಾಡಿದ ಒಬ್ಬರು, ಮೂರು ತಾಲೂಕಿನ ಕಾಲೇಜುಗಳು ಹಂಚಿಕೊಂಡ ಪಗಾರ, ವಾರಕ್ಕೆ ಎರಡೆರಡು ಸಂಜೆ ಗೋಕಾಕ, ಮೂಡಲಗಿ, ಹುಕ್ಕೇರಿ. ಪ್ರವೇಶದ ದಿನ ಪ್ರತಿ ವಿದ್ಯಾರ್ಥಿಯಿಂದ ಕ್ರೀಡಾ ಶುಲ್ಕ ಪಡೆಯುತ್ತೇವಲ್ಲ, ಅದರ ಜಮಾ ಖರ್ಚನ್ನು ಸೂಚನಾ ಫಲಕಕ್ಕೆ ಅಂಟಿಸಿ. ಆರಂಭ ಅಲ್ಲಿಂದಲೇ ಆಗಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಕಟುವಾಗಿ ಹೇಳಬೇಕು. ಹೈಸ್ಕೂಲಿನಲ್ಲಿ ಖೊಖೊ ಆಡಿ ಮಿಂಚಿದ ಹುಡುಗಿ ಕಾಲೇಜಿಗೆ ಬರುತ್ತಲೇ ಮೈದಾನದಿಂದ ಮಾಯವಾಗುತ್ತಾಳೆ. 2023ರ ಜೂನ್‌ನಿಂದ ಅವಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡು ಬೇಕಿಲ್ಲ, ಆದರೆ ಅಭ್ಯಾಸ ಮುಗಿಯುವ ಹೊತ್ತಿಗೆ ಊರಿಗೆ ಬಸ್ಸೇ ಇಲ್ಲದಿದ್ದರೆ ಟಿಕೆಟ್ಟಿನ ದುಡ್ಡು ಉಳಿದು ಏನು ಬಂತು? ಪ್ರಾಂಶುಪಾಲರು ಡಿಪೋ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆದು ಒಂದು ಬಸ್ಸನ್ನು ಅರ್ಧ ತಾಸು ತಡವಾಗಿ ಬಿಡಿಸಲಿ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಕೊಡಲಿ. ತಾಯಂದಿರೇ, ಸಂಜೆಯ ರೊಟ್ಟಿ ಮಗನ ಕೈಗೂ ಒಂದು ದಿನ ಬರಲಿ, ಮಗಳ ಆಟ ತಪ್ಪದಿರಲಿ.

ಆಡಳಿತ ಮಂಡಳಿಯ ಹಿರಿಯರೇ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರೇ, ಇಲಾಖೆಯ ಅಧಿಕಾರಿಗಳೇ, ಇದೇ ಕಾಲೇಜುಗಳಲ್ಲಿ ಓದಿ ಪುಣೆ, ಬೆಂಗಳೂರಿನಲ್ಲಿ ನೆಲೆಯಾದ ಹಳೆಯ ವಿದ್ಯಾರ್ಥಿಗಳೇ, ಪದಕ ಕೊಡಿ ಎಂದು ನಾನು ಕೇಳುತ್ತಿಲ್ಲ, ಹೊಸ ಕ್ರೀಡಾಂಗಣ ಕಟ್ಟಿ ಎಂದೂ ಕೇಳುತ್ತಿಲ್ಲ. ಮುಂದಿನ ಸಭೆಯ ಪುಸ್ತಕದಲ್ಲಿ ಒಂದೇ ಠರಾವು ಬರೆಯಿರಿ: ತರಬೇತುದಾರರ ನೇಮಕ ಕನಿಷ್ಠ ಐದು ವರ್ಷಕ್ಕೆ, ಬೇಸಿಗೆಯ ತಿಂಗಳುಗಳ ಪಗಾರವೂ ಸೇರಿ, ಸಂಜೆ ನಾಲ್ಕರ ನಂತರ ಮೈದಾನದ ಹೊರತು ಬೇರೆ ಕೆಲಸ ಹಚ್ಚುವಂತಿಲ್ಲ, ಮೊದಲ ಮೂರು ವರ್ಷ ಸೋಲು ಗೆಲುವಿನ ಲೆಕ್ಕ ಕೇಳುವಂತಿಲ್ಲ. ಕೆಳಗೆ ಎಲ್ಲ ಸದಸ್ಯರೂ ರುಜು ಹಾಕಿ.