ಮಿಕ್ಕ ನೂಲಿಗೂ ಒಂದು ಲೆಕ್ಕ



ಅಂಗಡಿಯ ಶಿಲ್ಕು ಹೊಂದದಿದ್ದರೆ ಮನೆಯ ಗಂಡಸರಿಗೆ ನಿದ್ದೆ ಬಾರದು. ಒಂದು ರೂಪಾಯಿ ಎಲ್ಲಿ ಹೋಯಿತೆಂದು ಕಿರ್ದಿಯ ಪುಟಗಳನ್ನು ಮತ್ತೆ ಮತ್ತೆ ತಿರುವುತ್ತಾರೆ. ಆದರೆ ಮನೆಯೊಳಗಿನ ಶಿಲ್ಕನ್ನು ಲೆಕ್ಕ ಹಾಕುವವರು ಕಡಿಮೆ. ಸ್ವೆಟರು ಹೆಣೆದು ಉಳಿದ ಉಣ್ಣೆ, ಕ್ರೋಶಾ ಹಾಕಿ ಮಿಕ್ಕ ದಾರ ಎಲ್ಲವೂ ಒಂದು ಚೀಲ ಸೇರಿ ಗಂಟು ಗಂಟಾಗಿ ಕುಳಿತಿರುತ್ತವೆ. ದೀಪಾವಳಿಗೆ ಮನೆ ಸಾರಿಸುವಾಗ ಆ ಚೀಲ ಹೊರಗೆ ಬರುತ್ತದೆ, ಹಾಗೆಯೇ ತಿಪ್ಪೆಗೂ ಹೋಗುತ್ತದೆ.

ಹಳೆಯ ಸೀರೆ, ಧೋತರಗಳನ್ನು ಬಿಸಾಡದೆ ಕೌದಿ ಹೊಲಿದವರು ನಮ್ಮ ಹಿರಿಯರು. ಅದೇ ಬುದ್ಧಿ ನೂಲಿಗೂ ಸಲ್ಲಬೇಕು. ಆದರೆ ಇದರಿಂದ ಏನು ಮಾಡಲಿ ಎಂದು ಕೇಳುವ ಮೊದಲು, ಇದು ಯಾವ ನೂಲು ಎಂದು ಕೇಳಿಕೊಳ್ಳಬೇಕು. ಅದು ತಿಳಿಯದೆ ಮಾಡಿದ ವಸ್ತು ಕೆಲವೊಮ್ಮೆ ಕೈ ಸುಡುತ್ತದೆ.

ಮೊದಲು ನೂಲಿನ ಪರೀಕ್ಷೆ

ಪೇಟೆಯಲ್ಲಿ ಉಲ್ಲನ್ ಎಂದು ಕೊಡುವ ನೂಲಿನಲ್ಲಿ ಬಹಳಷ್ಟು ನಿಜವಾದ ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಕಣ್ಣಿಗೆ ಎರಡೂ ಒಂದೇ. ಬೆಂಕಿಗೆ ಹಿಡಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ. ಎರಡು ಬೆರಳಗಲದ ತುಂಡನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ನೀರು ಹಾಕಿದ ಸ್ಟೀಲ್ ತಟ್ಟೆ ಇಟ್ಟು, ತುದಿಗೆ ಬೆಂಕಿ ತಾಗಿಸಿ. ಮಕ್ಕಳು ಹತ್ತಿರ ಇರಬಾರದು. ಸೀರೆಯ ಸೆರಗು ಸಿಕ್ಕಿಸಿಕೊಂಡಿರಿ.

ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಬೆಂಕಿಯಿಂದ ದೂರ ಸರಿಸಿದರೆ ತಾನಾಗಿ ಆರಲು ನೋಡುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗುತ್ತಾ ಉರಿದು, ತುದಿಯಲ್ಲಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಆ ಕರಗಿದ ಅಂಟು ಚರ್ಮಕ್ಕೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ಸ್ವಲ್ಪ ಕರಗಿದಂತೆ ಕಂಡರೂ ಅಂಥ ನೂಲನ್ನು ಅಡಿಗೆಮನೆಯ ಕೆಲಸಕ್ಕೆ ಬಳಸಬೇಡಿ.

ಪರೀಕ್ಷೆ ಮುಗಿದ ಮೇಲೆ ಮೂರು ಚೀಲ ಮಾಡಿ: ಹತ್ತಿಯದು ಒಂದು, ಉಣ್ಣೆಯದು ಒಂದು, ಅಕ್ರಿಲಿಕ್‌ನದು ಒಂದು. ಉಣ್ಣೆಯ ಚೀಲದಲ್ಲಿ ಒಣಗಿದ ಬೇವಿನ ಎಲೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿಡಿ. ಹುಳು ಬಿದ್ದ ಮೇಲೆ ಔಷಧ ಹೊಡೆಯುವುದಕ್ಕಿಂತ ಹುಳು ಬಾರದಂತೆ ನೋಡಿಕೊಳ್ಳುವುದೇ ಮೇಲು.

ಹತ್ತಿ ನೂಲಿನ ಸಿಂಬಿ

ಸೊಲ್ಲಾಪುರದ ಚಾದರ ಹತ್ತಿಯದು. ಮಗ್ಗದ ಮೇಲೆ ಹಾಸು ಮುಗಿಯುತ್ತ ಬಂದಾಗ ಕೊನೆಯ ಸ್ವಲ್ಪ ಉದ್ದವನ್ನು ನೇಯಲು ಬರುವುದಿಲ್ಲ, ಅದನ್ನು ಕತ್ತರಿಸಿ ತೆಗೆಯುತ್ತಾರೆ. ಆ ಕಡೆಯ ಭಗಿನಿಯರಿಗೆ ಅಂಥ ತುಂಡುಗಳು ಸಿಕ್ಕರೆ ಬಿಡಬೇಡಿ. ಒಲೆಯಿಂದ ಇಳಿಸಿದ ಪಾತ್ರೆಯ ಕೆಳಗೆ ಇಡುವ ಸಿಂಬಿಗೆ ಅದಕ್ಕಿಂತ ಒಳ್ಳೆಯ ನೂಲಿಲ್ಲ.

ನೂಲಿನ ಎಳೆಗಳನ್ನು ಮೂರು ಪಾಲು ಮಾಡಿ ಜಡೆ ಹೆಣೆಯಿರಿ. ಜಡೆ 1 ಸೆಂ.ಮೀ. ಅಗಲ ಬರುವಷ್ಟು ಎಳೆಗಳಿರಲಿ. 15 ಸೆಂ.ಮೀ. ಅಡ್ಡಳತೆಯ ಸಿಂಬಿಗೆ ಸುಮಾರು 180 ಸೆಂ.ಮೀ. ಜಡೆ ಬೇಕು. ಹೆಣೆಯುವಾಗ ಉದ್ದ ಕಡಿಮೆಯಾಗುವುದರಿಂದ ಎಳೆಗಳನ್ನು ಎರಡೂವರೆ ಮೀಟರ್ ಇಟ್ಟುಕೊಳ್ಳಿ. ತುಂಡು ನೂಲಾದರೆ ಗಂಟು ಹಾಕಿ ಸೇರಿಸಿ, ಆದರೆ ಎಲ್ಲ ಗಂಟುಗಳೂ ಒಂದೇ ಕಡೆ ಬರಬಾರದು. ಬಳಿಕ ಜಡೆಯನ್ನು ನೆಲದ ಮೇಲಿಟ್ಟು ಚಕ್ಕುಲಿಯಂತೆ ಸುತ್ತುತ್ತಾ, ಒಂದು ಸುತ್ತನ್ನು ಪಕ್ಕದ ಸುತ್ತಿಗೆ ಹತ್ತಿಯ ದಾರದಿಂದಲೇ ಹೊಲಿಯಿರಿ. ಬಿಗಿಯಾಗಿ ಎಳೆದರೆ ಬಟ್ಟಲಿನಂತೆ ಮೇಲೇಳುತ್ತದೆ, ಕೈ ಹಗುರವಿರಲಿ. ಇಂಥ ಎರಡು ಸಿಂಬಿಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಇನ್ನೂ ಗಟ್ಟಿ. ಹೊತ್ತಿದ ಒಲೆಯ ಹತ್ತಿರ ಮಾತ್ರ ಇದನ್ನು ಇಡಬೇಡಿ; ಹತ್ತಿಗೂ ಬೆಂಕಿ ಹತ್ತುತ್ತದೆ.

ಖಾತೆ ಪುಸ್ತಕಕ್ಕೆ ಹುರಿ

ಹಳೆಯ ಕಿರ್ದಿ, ಖತಾವಣಿಗಳನ್ನು ಕಟ್ಟಿಡಲು, ಹಣದ ಚೀಲದ ಬಾಯಿಗೆ, ಅಜ್ಜನ ಕನ್ನಡಕಕ್ಕೆ ಗಟ್ಟಿ ಹುರಿ ಬೇಕು. ಇದಕ್ಕೆ ಯಾವ ನೂಲಾದರೂ ಆದೀತು. ಬೇಕಾದ ಉದ್ದದ ಮೂರರಷ್ಟು ನೂಲು ತೆಗೆದುಕೊಳ್ಳಿ: ಒಂದು ಮೀಟರ್ ಹುರಿಗೆ ಮೂರು ಮೀಟರ್‌ನ ನಾಲ್ಕು ಎಳೆ. ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದು ತುದಿಗೆ ಪೆನ್ಸಿಲ್ ಸಿಕ್ಕಿಸಿ ಒಂದೇ ದಿಕ್ಕಿಗೆ ತಿರುವುತ್ತಾ ಹೋಗಿ. ನೂಲು ಮುರಿಮುರಿಯಾಗಿ ಕುಣಿಯತೊಡಗಿದಾಗ ನಡುವಿಗೆ ಒಬ್ಬರು ಬೆರಳು ಹಿಡಿಯಲಿ. ಎರಡು ತುದಿಗಳನ್ನೂ ಒಟ್ಟಿಗೆ ತಂದು ಬೆರಳು ಬಿಟ್ಟರೆ ಹುರಿ ತಾನೇ ಹೊಸೆದುಕೊಳ್ಳುತ್ತದೆ. ಒಂದು ಕಡೆ ತಿರುಚಿದ ಎಳೆಗಳು ಹಿಂದಕ್ಕೆ ಬಿಚ್ಚಿಕೊಳ್ಳಲು ನೋಡುತ್ತವೆ. ಬಿಚ್ಚುವ ಆ ಬಲವೇ ಎರಡನ್ನೂ ಒಂದಾಗಿ ಸುತ್ತುತ್ತದೆ. ಮಕ್ಕಳ ಕೈಯಲ್ಲಿ ಮಾಡಿಸಿರಿ, ಬಹಳ ಖುಷಿಪಡುತ್ತಾರೆ.

ಬಾಗಿಲಿಗೆ ಗೊಂಡೆಯ ತೋರಣ

ಅಕ್ರಿಲಿಕ್ ನೂಲಿನ ಜಾಗ ಇದು. ಅಂಗಡಿಗೆ ಮಾಲು ಬರುವ ರಟ್ಟಿನ ಪೆಟ್ಟಿಗೆಯಿಂದ 6 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಅದಕ್ಕೆ ನೂಲನ್ನು 80 ಸುತ್ತು ಸುತ್ತಿ. ಒಂದು ಗೊಂಡೆಗೆ ಸುಮಾರು 10 ಮೀಟರ್ ನೂಲು ಹಿಡಿಯುತ್ತದೆ. ಮೆಲ್ಲಗೆ ಜಾರಿಸಿ ತೆಗೆದು, ನಟ್ಟನಡುವೆ ಗಟ್ಟಿ ದಾರದಿಂದ ಬಿಗಿದು ಕಟ್ಟಿ, ಎರಡೂ ಬದಿಯ ಕುಣಿಕೆಗಳನ್ನು ಕತ್ತರಿಸಿ ದುಂಡಗೆ ಮಾಡಿ. ಮೇಲೆ ಹೇಳಿದ ಹುರಿಗೆ ಒಂಬತ್ತು ಗೊಂಡೆ ಪೋಣಿಸಿದರೆ ತೋರಣ ಸಿದ್ಧ.

ಚೀಲದಲ್ಲಿದ್ದ ಬಣ್ಣಗಳನ್ನೆಲ್ಲ ಒಂದೇ ಕಡೆ ತುರುಕಬೇಡಿ. ನೀಲಗಿರಿಯ ತೋಡ ಹೆಂಗಸರ ಕಸೂತಿಯನ್ನು ನೋಡಿ. ಬಿಳಿ ಹತ್ತಿ ಬಟ್ಟೆಯ ಮೇಲೆ ಹೆಚ್ಚಾಗಿ ಕೆಂಪು, ಕಪ್ಪು ಎರಡೇ ನೂಲು. ಆ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಎರಡು ಬಣ್ಣ ಸಾಕು, ಮೂರನೆಯದು ಹೆಚ್ಚೇ.

ದೀಪ ಹಚ್ಚಿಡುವ ಜಾಗಕ್ಕೆ ಮಾತ್ರ ಈ ತೋರಣ ಬೇಡ.

ಎಚ್ಚರಿಕೆಯ ಮಾತು

ಎಳೆಗೂಸಿಗೆ ಮಿಕ್ಕ ನೂಲಿನಲ್ಲಿ ಕಾಲುಚೀಲ, ಕೈಚೀಲ ಹೆಣೆಯುವ ರೂಢಿ ಇದೆ. ಅದರ ಒಳಮೈಯನ್ನು ಹೊರಗೆ ತಿರುಗಿಸಿ ನೋಡಿ. ಒಂದು ಎಳೆ ಬಿಟ್ಟುಕೊಂಡಿದ್ದರೂ ಕತ್ತರಿಸಿ ತೆಗೆಯಿರಿ. ಆ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಹರಿಯದಂತೆ ಬಿಗಿಯಬಲ್ಲುದು. ಕಾರಣವಿಲ್ಲದೆ ಕೂಸು ಅಳುತ್ತಿದ್ದರೆ ಕಾಲುಚೀಲ ತೆಗೆದು ಬೆರಳುಗಳನ್ನು ಒಂದೊಂದಾಗಿ ನೋಡಿ. ಬಾವು ಬಂದು, ಎಳೆ ಕೈಗೆ ಸಿಗದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಗೊಂಡೆಯ ಆಟಿಕೆಯನ್ನೂ ಕೂಸಿನ ಕೈಗೆ ಕೊಡಬೇಡಿ, ಎಳೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ.

ಇನ್ನೊಂದು ಮಾತು. ನಾವು ಮಾಳಿಗೆಯ ಮೇಲೆ ಪಾರಿವಾಳಗಳಿಗೆ ಕಾಳು ಹಾಕುತ್ತೇವೆ. ಅವುಗಳಲ್ಲಿ ಕೆಲವಕ್ಕೆ ಬೆರಳೇ ಇಲ್ಲದ್ದನ್ನು ನೀವೂ ನೋಡಿರಬಹುದು. ನೆಲದ ಮೇಲೆ ಬಿದ್ದ ದಾರ, ಕೂದಲು ಕಾಲಿಗೆ ಸುತ್ತಿ, ಬಿಗಿದು, ಬೆರಳು ಒಣಗಿ ಉದುರುವುದುಂಟು. 2019ರಲ್ಲಿ ಪ್ರಕಟವಾದ ಪ್ಯಾರಿಸ್ ನಗರದ ಒಂದು ಅಧ್ಯಯನದಲ್ಲಿ, ಕ್ಷೌರದಂಗಡಿಗಳು ಹೆಚ್ಚಿರುವ ಕಡೆ ಇಂಥ ಪಾರಿವಾಳಗಳೂ ಹೆಚ್ಚು ಕಂಡುಬಂದವು. ಒಂದು ಕೈಯಿಂದ ಕಾಳು ಹಾಕಿ ಇನ್ನೊಂದು ಕೈಯಿಂದ ಅಂಗಳಕ್ಕೆ ನೂಲು ಎಸೆದರೆ ಅದು ಎಂಥ ಜೀವದಯೆ? ಗೂಡಿಗೆ ಬೇಕಾದೀತೆಂದು ಗಿಡದ ಮೇಲೆ ನೂಲು ಹರವುವುದೂ ತಪ್ಪು.

ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಪಕ್ಕದಲ್ಲಿ ಒಂದು ಮುಚ್ಚಳದ ಡಬ್ಬಿ ಇಟ್ಟುಕೊಳ್ಳಿ. ಬೆರಳುದ್ದಕ್ಕಿಂತ ಕಡಿಮೆಯಾದ ಎಳೆಗಳೆಲ್ಲ ಅದಕ್ಕೆ ಹೋಗಲಿ. ಡಬ್ಬಿ ತುಂಬಿದಾಗ ಒಂದು ಚಿಕ್ಕ ಬಟ್ಟೆಯ ಚೀಲ ಹೊಲಿದು, ಅದರೊಳಗೆ ಒತ್ತಿ ತುಂಬಿ ಬಾಯಿ ಮುಚ್ಚಿದರೆ ಸೂಜಿ ಚುಚ್ಚಿಡುವ ಗಾದಿಯಾಗುತ್ತದೆ. ಮುಂದಿನ ಹೊಲಿಗೆಗೆ ಅದೇ ಬೇಕಾಗುತ್ತದೆ.