ಟರ್ಮಿನಲ್ 2 ಚಂದ ಐತಿ, ಆದ್ರ ಸತ್ತಿಯಿಂದ ಅಲ್ಲಿಗೆ ಮುಟ್ಟೋದು ಹೆಂಗ?

ಸತ್ತಿ (ಅಥಣಿ): ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ನೋಡಿ ಬಂದವರು ಮೊದಲು ಹೇಳೋದು ಅಲ್ಲಿನ ಬಿದಿರಿನ ಚಾವಣಿ, ಮೇಲಿಂದ ಜೋತುಬಿಟ್ಟ ಗಿಡಗಳ ಬಗ್ಗೆ. ಆಮೇಲಿನ ಮಾತು ಬ್ಯಾರೆ ಇರತೈತಿ. ಬ್ಯಾಗು ತೂಕ ಹೆಚ್ಚಾತು, ಖಾರದ ಪುಡಿ ತಗಸಿದ್ರು, ಬಿಡಾಕ ಬಂದವರು ಹೊರಗೇ ನಿಂತ್ರು. ಕೃಷ್ಣಾ ದಂಡೆಯ ಸತ್ತಿಯಂಥ ಊರಿನವರಿಗೆ ಈ ನಿಲ್ದಾಣದ ಅನುಭವ ಮನೆ ಬಾಗಿಲಿಂದಲೇ ಶುರುವಾಗುತ್ತದೆ. ತೊಂದರೆಗಳೂ ಬಹುಪಾಲು ಆ ಚಂದದ ಕಟ್ಟಡದ ಹೊರಗಡೆಯವೇ.

ಕಟ್ಟಡದ ಬಗ್ಗೆ ತಕರಾರು ಮಾಡೋ ಹಂಗಿಲ್ಲ. ಸುಮಾರು 5,000 ಕೋಟಿ ರೂ. ವೆಚ್ಚದ ಟರ್ಮಿನಲ್ 2 ಅನ್ನು ಪ್ರಧಾನಿ ಮೋದಿ 2022ರ ನವೆಂಬರ್ 11ರಂದು ಉದ್ಘಾಟಿಸಿದರು. ವರ್ಷಕ್ಕೆ 2.5 ಕೋಟಿ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯ ಅದಕ್ಕಿದೆ. 2023ರ ಜನವರಿ 15ರಂದು ಅಲ್ಲಿಂದ ಹಾರಿದ ಮೊದಲ ವಿಮಾನ ಹೋಗಿದ್ದು ನಮ್ಮ ಉತ್ತರ ಕರ್ನಾಟಕದ ಕಲಬುರಗಿಗೆ. ಅದೇ ವರ್ಷ ಸೆಪ್ಟೆಂಬರ್ 12ರಿಂದ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ಅಲ್ಲಿಗೇ ಬಂದವು. ಒಳಾಂಗಣದ ಅಂದಕ್ಕೆ ಪ್ರಿ ವರ್ಸೈ ಪ್ರಶಸ್ತಿಯೂ ಬಂತು. ಪ್ರಯಾಣಿಕರ ಟಿಕೆಟ್ಟಿನೊಳಗೇ 'ಬಳಕೆದಾರರ ಅಭಿವೃದ್ಧಿ ಶುಲ್ಕ' ಸೇರಿರುತ್ತದೆ. ಅಂದರೆ ಆ ತೋಟಕ್ಕೆ ಸತ್ತಿಯಿಂದ ಹೋದವನೂ ರೊಕ್ಕ ಕೊಟ್ಟಿರತಾನ.

ಈಗ ದಾರಿ ನೋಡೋಣ. ಅಥಣಿಯಿಂದ ಬೆಂಗಳೂರು ಸುಮಾರು 600 ಕಿ.ಮೀ. ಕುಡಚಿ ಅಥವಾ ರಾಯಬಾಗದಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಬೇಕು, ಇಲ್ಲಾ ಅಥಣಿಯಿಂದ ರಾತ್ರಿ ಬಸ್ಸು. ಎರಡೂ ಬೆಳಗಾಗುವುದರೊಳಗೆ ಬೆಂಗಳೂರಿಗೆ ಮುಟ್ಟಿಸುತ್ತವೆ. ಆದರೆ ಗಲ್ಫ್, ಯುರೋಪ್ ಕಡೆಯ ಬಹಳಷ್ಟು ವಿಮಾನ ಬಿಡೋದು ನಡುರಾತ್ರಿ ಆದ ಮೇಲೆ. ಇಡೀ ದಿನ ಚೀಲ ಕಾಯ್ಕೊಂಡು ಕೂಡಬೇಕು. ಇದರ ಮೇಲೆ ತಾರೀಕಿನ ಗೊಂದಲ ಒಂದು. ಟಿಕೆಟ್ಟಿನಲ್ಲಿ 12ನೇ ತಾರೀಕು 1.30 ಅಂತಿದ್ದರೆ 11ರ ರಾತ್ರಿಯೇ ನಿಲ್ದಾಣದಲ್ಲಿ ಇರಬೇಕು. 12ರ ರಾತ್ರಿ ಅಂತ ತಿಳ್ಕೊಂಡು ಹೋದವರ ವಿಮಾನ ಹಿಂದಿನ ರಾತ್ರಿಯೇ ಹಾರಿರುತ್ತದೆ.

ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಕಡೆಗಿನ ಕೊನೆಯ 35 ಕಿ.ಮೀ. ಬೇರೆಯದೇ ಲೆಕ್ಕ. ಹೆಣ್ಮಕ್ಕಳು ಶಕ್ತಿ ಯೋಜನೆಯಲ್ಲಿ ಸಾದಾ ಸಾರಿಗೆ ಬಸ್ಸು ಹಿಡಿದು ಅಥಣಿಯಿಂದ ಬೆಂಗಳೂರಿನ ತನಕ ಒಂದು ರೂಪಾಯಿ ಕೊಡದೆ ಬರಬಹುದು. ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಎಸಿ ಬಸ್ಸಿಗೆ ಮಾತ್ರ ಆ ಯೋಜನೆ ಅನ್ವಯಿಸೋದಿಲ್ಲ. ನಿಲ್ದಾಣದ ಹೆಸರಲ್ಲೇ ಒಂದು ರೈಲು ಹಾಲ್ಟ್ 2021ರಲ್ಲಿ ಶುರುವಾಗಿದೆ, ಆದರೆ ಅಲ್ಲಿ ನಿಲ್ಲುವ ಗಾಡಿಗಳು ಕೆಲವೇ. ಮೆಟ್ರೊ ಕಾಮಗಾರಿಯ ಗಡುವು ಪದೇ ಪದೇ ಮುಂದಕ್ಕೆ ಹೋಗಿದೆ. ಮೈಸೂರಿನವರಿಗೆ ಊರಿಂದ ನೇರ ಟರ್ಮಿನಲ್ಲಿಗೇ ಫ್ಲೈಬಸ್ ಇದೆ. ಅಥಣಿಯಿಂದ ಅಂಥದ್ದೊಂದೂ ಇಲ್ಲ.

ಹಾಗಾದರೆ ಸಾಂಬ್ರಾದಿಂದ ವಿಮಾನದಲ್ಲೇ ಹೋದರೆ ಸಲೀಸಲ್ಲವಾ ಅಂತ ಕೇಳಬಹುದು. ಹಣ ಇದ್ದವರು ಹಾಗೇ ಮಾಡ್ತಾರೆ, ಮತ್ತು ಹೆಚ್ಚು ಜನ ಸಿಕ್ಕಿಬೀಳೋದೂ ಇಲ್ಲಿಯೇ. ಬೆಳಗಾವಿಯಿಂದ ಇಂಡಿಗೋದಲ್ಲಿ ಹೋದರೆ ಬೆಂಗಳೂರಿನಲ್ಲಿ ಇಳಿಯೋದು ಟರ್ಮಿನಲ್ 1ರಲ್ಲಿ. ವಿದೇಶದ ವಿಮಾನ ಇರೋದು ಟರ್ಮಿನಲ್ 2ರಲ್ಲಿ. ಎರಡರ ನಡುವೆ ಶಟಲ್ ಬಸ್ಸಿದೆ, ಅದೇನೂ ದೊಡ್ಡ ಮಾತಲ್ಲ. ದೊಡ್ಡ ಮಾತು ಬ್ಯಾಗಿನದು. ಎರಡೂ ಪ್ರಯಾಣ ಒಂದೇ ಬುಕಿಂಗ್‌ನಲ್ಲಿದ್ದರೆ ವಿದೇಶದ ತೂಕದ ಮಿತಿಯೇ ಸಾಮಾನ್ಯವಾಗಿ ಉದ್ದಕ್ಕೂ ನಡೆಯುತ್ತದೆ. ಬೇರೆ ಬೇರೆ ತೆಗೆಸಿದರೆ ಹಂಗಲ್ಲ. ದೇಶದೊಳಗಿನ ಸಾದಾ ಟಿಕೆಟ್ಟಿಗೆ ಚೆಕ್‌ಇನ್ ಬ್ಯಾಗು 15 ಕೆ.ಜಿ. ಮಾತ್ರ. ಅಮೆರಿಕಕ್ಕೆ ಅಂತ 23 ಕೆ.ಜಿ.ಯ ಎರಡು ಬ್ಯಾಗು ಕಟ್ಟಿಕೊಂಡವರು ಸಾಂಬ್ರಾದ ಕೌಂಟರಿನಲ್ಲೇ ಹೆಚ್ಚುವರಿ ಹಣ ತೆರಬೇಕು. ಬೆಂಗಳೂರಿನಲ್ಲಿ ಬ್ಯಾಗು ಇಳಿಸಿಕೊಂಡು, ಇನ್ನೊಂದು ಟರ್ಮಿನಲ್ಲಿಗೆ ಒಯ್ದು, ಮತ್ತೆ ಕೊಡಬೇಕು. ಮೊದಲ ವಿಮಾನ ತಡವಾಗಿ ಎರಡನೇದು ತಪ್ಪಿದರೆ ಆ ಕಂಪನಿಗೂ ಈ ಕಂಪನಿಗೂ ಸಂಬಂಧ ಇಲ್ಲ, ಪೂರಾ ಟಿಕೆಟ್ ಹೋದಂತೆ. ಸಾವಿರ ಎರಡು ಸಾವಿರ ಉಳಿಯತೈತಿ ಅಂತ ಬೇರೆ ಬೇರೆ ಟಿಕೆಟ್ ತೆಗೆಯುವ ಮೊದಲು ಈ ಲೆಕ್ಕ ಹಾಕಬೇಕು, ಟಿಕೆಟ್ ಮಾಡಿಕೊಡುವ ಅಂಗಡಿಯವರೂ ಇದನ್ನು ಬಿಡಿಸಿ ಹೇಳಬೇಕು.

ಇನ್ನು ಬುತ್ತಿ. ಮಗ ದೂರ ದೇಶಕ್ಕೆ ಹೊಂಟಾಗ ನಮ್ಮ ಮನೆಗಳಲ್ಲಿ ವಾರದ ಮೊದಲೇ ಖಡಕ್ ರೊಟ್ಟಿ ಬಡಿಯೋದು, ಶೇಂಗಾ ಚಟ್ನಿ ಕುಟ್ಟೋದು ಶುರು. ರೊಟ್ಟಿಗೆ ಯಾರದೂ ಅಡ್ಡಿ ಇಲ್ಲ. ಖಾರದ ಪುಡಿ, ಮೆಣಸಿನಕಾಯಿ ಉಪ್ಪಿನಕಾಯಿ ಕೈಚೀಲದಲ್ಲಿ ಒಯ್ಯುವಂತಿಲ್ಲ, ತಪಾಸಣೆಯಲ್ಲಿ ತೆಗೆಸುತ್ತಾರೆ. ತುಪ್ಪ, ಎಣ್ಣೆ, ನೀರು ವಿದೇಶಿ ಪ್ರಯಾಣದ ಕೈಚೀಲದಲ್ಲಿ 100 ಮಿ.ಲೀ. ಮೀರಿದ ಬಾಟಲಿಯಲ್ಲಿ ಇರಬಾರದು. ಕೊಬ್ಬರಿ ಬಟ್ಟಲಿನದು ಬಹಳ ಮಂದಿಗೆ ಗೊತ್ತೇ ಇಲ್ಲ. ಎಣ್ಣೆ ಅಂಶ ಇರೋದರಿಂದ ಬೆಂಕಿ ಹೊತ್ತುವ ಅಪಾಯ ಅಂತ 2022ರಲ್ಲಿ ಒಣ ಕೊಬ್ಬರಿಯನ್ನು ಚೆಕ್‌ಇನ್ ಬ್ಯಾಗಿನ ನಿಷೇಧಿತ ಪಟ್ಟಿಗೆ ಸೇರಿಸಿದ್ದಾರೆ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ: ಕೈಚೀಲದಲ್ಲೇ ಇರಬೇಕು. ಅವ್ವ ಕೂತು ಕಟ್ಟಿಕೊಟ್ಟಿದ್ದನ್ನು ಕಸದ ಡಬ್ಬಿಗೆ ಹಾಕಿ ಒಳಗ ಹೋಗೋದು ಯಾರಿಗೂ ಬ್ಯಾಡ. ಈ ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿ ಬೆಳಗಾವಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ಕೊಟ್ಟರೆ ಏನು ಗಂಟು ಹೋಗುತ್ತದೆ?

ಕಾಗದಪತ್ರದ ಪೆಟ್ಟು ಇದಕ್ಕಿಂತ ಜೋರು. ಹತ್ತನೇತ್ತೆ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಕುವೈತ್‌ನಂಥ ದೇಶಕ್ಕೆ ಕೆಲಸಕ್ಕೆ ಹೋಗಬೇಕಾದರೆ ಮೊದಲೇ ಇ-ಮೈಗ್ರೇಟ್ ಮೂಲಕ ವಲಸೆ ಅನುಮತಿ ಪಡೆದಿರಬೇಕು. ಏಜೆಂಟನ ಮಾತು ಕೇಳಿ ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೊರಟವರನ್ನು ಇಮಿಗ್ರೇಷನ್ ಕೌಂಟರಿನಲ್ಲೇ ತಡೆಯಬಹುದು. ಅಷ್ಟೊತ್ತಿಗೆ ಏಜೆಂಟನ ಫೋನು ಸ್ವಿಚ್ ಆಫ್. ಹೆಸರಿನದೂ ಒಂದು ಐತಿ. ಅಡ್ಡಹೆಸರು ಬಿಟ್ಟು ಬರೀ ಒಂದೇ ಹೆಸರಿನ ಪಾಸ್‌ಪೋರ್ಟ್ ಮಾಡಿಸಿಕೊಂಡು ಪ್ರವಾಸಿ, ಭೇಟಿ ವೀಸಾದಲ್ಲಿ ದುಬೈಗೆ ಹೊರಟವರಿಗೆ 2022ರ ನವೆಂಬರ್‌ನಿಂದ ಯುಎಇ ನಿಯಮ ಬಿಗಿ ಮಾಡಿತು. ನಮ್ಮ ಭಾಗದಲ್ಲಿ ಎಲ್ಲರಿಗೂ ಅಡ್ಡಹೆಸರು ಇದ್ದೇ ಇದೆ, ಫಾರ್ಮ್ ತುಂಬುವಾಗ ಬಿಡದಿದ್ದರೆ ಸಾಕು.

ಬಿಡಲು ಬಂದವರ ಕಥೆ ಬೇರೆ. ಒಬ್ಬ ಹೊರಟರೆ ಕ್ರೂಸರ್ ತುಂಬ ಜನ ಹೊರಡೋದು ನಮ್ಮ ಕಡೆ ರೂಢಿ. ಟಿಕೆಟ್ ಇಲ್ಲದವರನ್ನು ಸಿಐಎಸ್‌ಎಫ್ ಸಿಬ್ಬಂದಿ ಗೇಟಿನ ಒಳಗೆ ಬಿಡೋದಿಲ್ಲ. ಮೇಲಾಗಿ 2025ರ ಡಿಸೆಂಬರ್‌ನಲ್ಲಿ ಕರೆದೊಯ್ಯಲು ಬರುವ ಗಾಡಿಗಳಿಗೆ ಹೊಸ ನಿಯಮ ತಂದರು. ಸ್ವಂತ ಕಾರಿಗೆ ಎಂಟು ನಿಮಿಷ ಪುಕ್ಕಟೆ, ಮೀರಿದರೆ 150 ರೂ.ನಿಂದ ದಂಡ. ಹಳದಿ ಬೋರ್ಡಿನ ಗಾಡಿ ಬಾಗಿಲ ಮುಂದೆ ಬರದೆ ಪಾರ್ಕಿಂಗ್‌ನಲ್ಲೇ ನಿಲ್ಲಬೇಕು. ವಾಹನ ದಟ್ಟಣೆ ತಪ್ಪಿಸಲು ಅಂತ ಅವರ ವಾದ, ಅದರಲ್ಲಿ ಅರ್ಥವೂ ಇದೆ. ಆದರೆ ಬೆಂಗಳೂರಿನವನು ಫೋನ್ ಬಂದ ಮೇಲೆ ಕಾರು ತೆಗೀತಾನ. ಹಿಂದಿನ ದಿನವೇ ಊರು ಬಿಟ್ಟು ಬಂದ ಮುದುಕಿ ಎಂಟು ನಿಮಿಷದ ಲೆಕ್ಕ ಹೆಂಗ ಹಿಡೀಬೇಕು?

ಒಳಗೆ ಹೋದ ಮೇಲೆ ಭಾಷೆ. ಟರ್ಮಿನಲ್ 2ರಲ್ಲಿ ಕನ್ನಡದ ಫಲಕಗಳಿವೆ, ಅದು ಒಪ್ಪಲೇಬೇಕು. ಆದರೆ ಅಥಣಿ ಬಸ್‌ಸ್ಟ್ಯಾಂಡಿನಂತೆ ಮೈಕಿನಲ್ಲಿ ಕರೀತಾರ ಅಂತ ಕೂತರೆ ಕೆಟ್ಟಿತು. ದೊಡ್ಡ ನಿಲ್ದಾಣಗಳಲ್ಲಿ ಕೂಗೋದು ಕಡಿಮೆ, ಗೇಟು ಬದಲಾದರೂ ಪರದೆ ನೋಡಿಯೇ ತಿಳೀಬೇಕು. ಅದಕ್ಕೇ ಮಕ್ಕಳ ಮನೆಗೆ ಹೊರಟ ಅಪ್ಪ-ಅವ್ವಗಳಿಗೆ ಈಗ ಟಿಕೆಟ್ ಜೊತೆ ವೀಲ್‌ಚೇರ್ ಬರೆಸುತ್ತಾರೆ. ಕಾಲು ಗಟ್ಟಿ ಇದ್ದವರಿಗೂ. ಅವರಿಗೆ ಬೇಕಿರೋದು ಕುರ್ಚಿ ಅಲ್ಲ, ದಾರಿ ತೋರಿಸುವ ಒಬ್ಬ ಮನುಷ್ಯ. ನಿಜವಾಗಿ ನಡೆಯಲಾಗದವರು ಇದರಿಂದ ಕಾಯುವಂತಾಗುತ್ತದೆ, ಅದೂ ಖರೆ. ಕನ್ನಡ ಮಾತಾಡುವ ಸಹಾಯಕರನ್ನು ಬೇರೆಯಾಗಿಯೇ ಇಟ್ಟರೆ ಎರಡೂ ಕಡೆಯವರಿಗೆ ಅನುಕೂಲ.

ಬೆಂಗಳೂರೇ ಬ್ಯಾಡ ಅನ್ನುವವರು ಮಿರಜದಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿದು ಮುಂಬೈಗೆ ಹೋಗ್ತಾರೆ. ನವಿ ಮುಂಬೈ ನಿಲ್ದಾಣವೂ 2025ರ ಡಿಸೆಂಬರ್ 25ರಿಂದ ಶುರುವಾಗಿದೆ, ಪುಣೆ ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಹತ್ತಿರ. ಸಾಂಬ್ರಾದ ಹೊಸ ಟರ್ಮಿನಲ್ಲಿಗೆ 2024ರ ಮಾರ್ಚ್ 10ರಂದು ಅಡಿಗಲ್ಲು ಬಿದ್ದಿದೆ. ಕಟ್ಟಡ ದೊಡ್ಡದಾದ ಮಾತ್ರಕ್ಕೆ ಅಲ್ಲಿಂದ ದುಬೈ ವಿಮಾನ ಹಾರೋದಿಲ್ಲ. ಆದರೆ ಬ್ಯಾಗು ನೇರ ಕೊನೆಯ ಊರಿಗೆ ಹೋಗುವಂಥ ಒಂದೇ ಟಿಕೆಟ್ಟಿನ ವ್ಯವಸ್ಥೆಗೆ ನಮ್ಮ ಸಂಸದರು, ಶಾಸಕರು ವಿಮಾನ ಕಂಪನಿಗಳ ಜೊತೆ ಈಗಲೇ ಕೂತು ಮಾತಾಡಬಹುದು. ಅಥಣಿ ರಾತ್ರಿ ಬಸ್ಸುಗಳಲ್ಲಿ ಒಂದನ್ನಾದರೂ ಮೆಜೆಸ್ಟಿಕ್‌ನಿಂದ ಟರ್ಮಿನಲ್ ತನಕ ಮುಂದುವರಿಸಬಹುದು.

ಮತ್ತೊಂದು ಸಂಗತಿ ಬೆಂಗಳೂರಿನವರ ಲಕ್ಷ್ಯಕ್ಕೇ ಬರೋದಿಲ್ಲ. ವಿದೇಶದ ಬಹಳಷ್ಟು ಕಾಲೇಜುಗಳು ಶುರುವಾಗೋದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಕೃಷ್ಣೆ ತುಂಬಿ ಉಗಾರ–ಕುಡಚಿ ಸೇತುವೆ ಮುಳುಗೋದೂ ಜುಲೈ, ಆಗಸ್ಟ್‌ನಲ್ಲೇ. 2019ರ ಆಗಸ್ಟ್, 2021ರ ಜುಲೈ ಯಾರೂ ಮರೆತಿಲ್ಲ. ಆ ತಿಂಗಳಲ್ಲಿ ಹೊರಡುವವರು ಕುಡಚಿ ರೈಲು, ಸಾಂಬ್ರಾ ವಿಮಾನವನ್ನೇ ನಂಬಿ ಕೂಡದೆ ವಿಜಯಪುರದ ಮೇಲಿನ ದಾರಿಯನ್ನೂ ನೋಡಿಟ್ಟುಕೊಳ್ಳಬೇಕು, ಎರಡು ದಿನ ಮೊದಲೇ ಹೊಳಿ ದಾಟಬೇಕು.